ಕಾರಿನ ಹಣೆ

ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ಗುರುಪಾದಸ್ವಾಮಿ ಕಾರು ತಂದರು. ಅದನ್ನು ಮನೆಯಾಗಿಸಿದವರು ಮಾತ್ರ ಅವರ ತಾಯಿ ದೊಡ್ಡಬಸಮ್ಮ. ಹೆಂಗಸರು ಕೂರುವ ಜಾಗವೆಂದು ಪಕ್ಕದ ಗಾಜುಗಳಿಗೆಲ್ಲ ದಪ್ಪ ಪರದೆ ಬಿತ್ತು. ಮುಂದಿನ ಗಾಜಿನ ನಡುವೆ ಮನೆದೇವರು ಮಾದಪ್ಪನ ಪಟ ತೂಗಿತು, ಪಟಕ್ಕೊಂದು ಚೆಂಡುಹೂವಿನ ಹಾರ. ಹಿಂದೆ ಬರುವುದನ್ನು ನೋಡಲು ಡ್ರೈವರಿಗಿದ್ದ ಪುಟ್ಟ ಕನ್ನಡಿಗೆ ಅವರು ಬಟ್ಟೆ ಕಟ್ಟಿಬಿಟ್ಟರು. ಆಳುಮಗ ಕನ್ನಡಿಯಲ್ಲಿ ಹೆಂಗಸರ ಮುಖ ನೋಡಿಕೊಂಡು ಕಾರು ಓಡಿಸುವುದೆಂದರೇನು, ಮಾನ ಮರ್ಯಾದೆ ಬೇಡವೆ?

ಡ್ರೈವರು ಶಿವಯ್ಯ ಇಷ್ಟನ್ನೂ ಸಹಿಸಿಕೊಂಡ. ಅದೇ ಮನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದವನು ಅವನು. ಸ್ಟೀರಿಂಗು ಕೈಗೆ ಬಂದ ಮೇಲೆ ಆ ಕಾರೆಂದರೆ ಪ್ರಾಣ. ಯಜಮಾನರ ಷರತ್ತು ಒಂದೇ: "ಒಂದ್ ಗೀರು ಬಿದ್ರೂ ಆಯ್ತು, ನೀನು ಮತ್ತೆ ಎತ್ತಿನ ಬಾಲ ಇಡ್ಕೊಬೇಕು ಕಣ್ಲಾ." ದಿನಾ ಸಂಜೆ ಅವರು ಕಾರನ್ನು ಸುತ್ತಿ ಬಂದು, ಸಂತೆಯಲ್ಲಿ ಹೋರಿಯ ಮೈ ಸವರುವಂತೆ ಅಂಗೈಯಿಂದ ಸವರಿ ನೋಡುತ್ತಿದ್ದರು.

ಶಿವಯ್ಯನಿಗೆ ಸಹಿಸಲಾಗದ್ದು ವಿಭೂತಿ. ಕಪಾಟು, ತಿಜೋರಿ, ನೊಗ, ಎಲ್ಲಕ್ಕೂ ಸೋಮವಾರ ಮೂರು ಬೆರಳು ವಿಭೂತಿ ಎಳೆಯುವ ಮನೆ ಅದು. ಕಾರೊಂದು ಬೋಳು ಹಣೆಯಲ್ಲಿ ಹೊರಟೀತೆ? ಮುಂದಿನ ಗಾಜಿಗೆ ಈ ತುದಿಯಿಂದ ಆ ತುದಿಗೆ ಗಟ್ಟಿಯಾಗಿ ಕಲಸಿದ ವಿಭೂತಿಯ ಮೂರು ಪಟ್ಟೆ ಬಿದ್ದವು.

"ಅವ್ವಾರೇ, ಅದು ಹಣೆ ಅಲ್ಲ, ಕಣ್ಣು ಕಣ್ರವ್ವಾ," ಎಂದ ಶಿವಯ್ಯ.

"ಕೆಳಗಡೆ ಎರಡು ದೀಪ ಉರೀತವಲ್ಲ, ಅವು ಮತ್ತೇನ್ಲಾ? ಕಣ್ಣಿನ ಮ್ಯಾಲಿರೋದು ಹಣೆ. ವಿಭೂತಿ ಅಳಿಸ್ದೋರ ಅನ್ನ ಈ ಮನೇಲಿ ಅವತ್ಗೇ ಮುಗೀತು, ತಿಳ್ಕೊ."

ಶಿವಯ್ಯನಿಗೆ ಅತ್ತ ದರಿ, ಇತ್ತ ಪುಲಿ. ಒರೆಸಿದರೆ ತಾಯಿ ಓಡಿಸುತ್ತಾರೆ. ಒರೆಸದೆ ಎಲ್ಲಾದರೂ ಗುದ್ದಿದರೆ ಮಗ ಓಡಿಸುತ್ತಾರೆ. ಪಾಪ, ಪಟ್ಟೆಗಳ ನಡುವಿನ ಸಂದಿಗೆ ಕಣ್ಣು ಕೊಟ್ಟು, ಒಲೆ ಊದುವವನಂತೆ ಬಗ್ಗಿ ಕೂತು ಓಡಿಸತೊಡಗಿದ.

ಸುಗ್ಗಿಯ ಒಂದು ಸೋಮವಾರ ದೊಡ್ಡಬಸಮ್ಮ ಕಜ್ಜಾಯದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹನೂರಿನ ಮಗಳ ಮನೆಗೆ ಹೊರಟರು. ಸುಗ್ಗಿಯಲ್ಲಿ ಆ ರಸ್ತೆಯೇ ರೈತರ ಕಣ. ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡಲಿ ಎಂದು ಹುರುಳಿ ಗಿಡ ಕಿತ್ತು ತಂದು ಹರಡಿರುತ್ತಾರೆ. ಅದರ ಮೇಲೆ ಓಡಿಸಿ ಶಿವಯ್ಯನಿಗೆ ರೂಢಿ. ಆದರೆ ಅವತ್ತು ದೊಡ್ಡಮಾದಪ್ಪನೆಂಬ ರೈತ, ತುಳಿದದ್ದು ಸಾಕೆಂದು ಆಗಷ್ಟೇ ಎಲ್ಲವನ್ನೂ ಎದೆಯೆತ್ತರ ಗುಡ್ಡೆ ಹಾಕಿದ್ದ. ಗುಡ್ಡೆ ಇದ್ದದ್ದು ಸರಿಯಾಗಿ ಕೆಳಗಿನ ಪಟ್ಟೆಯ ಮರೆಯಲ್ಲಿ.

ಕಾರು ಬುಸ್ಸೆಂದು ಹುರುಳಿಯೊಳಗೆ ಮೂತಿ ತೂರಿಸಿ ನಿಂತಿತು.

"ಯಾಕ್ಲಾ ನಿಲ್ಲಿಸ್ದೆ? ಅನೂರು ಬಂತಾ?"

ಶಿವಯ್ಯನಿಗೆ ರೋಸಿಹೋಯಿತು. "ನಂಗೇನ್ ಗೊತ್ತು? ನಾನ್ ಕೂರೋ ಜಾಗ್ದಲ್ಲಿ ಕೂತ್ಕಂಡು ನೀವೇ ನೋಡಿ ಯೋಳ್ರವ್ವಾ!"

ದೊಡ್ಡಬಸಮ್ಮ ಬಿಡುವವರೆ? ಇಳಿದು ಬಂದು, ನಿರಿಗೆ ಎತ್ತಿಕೊಂಡು ಸ್ಟೀರಿಂಗಿನ ಹಿಂದೆ ಕೂತೇಬಿಟ್ಟರು. ಎಡಕ್ಕೆ ಪರದೆ, ಬಲಕ್ಕೆ ಪರದೆ, ನಡುವೆ ಮಾದಪ್ಪ, ಮಿಕ್ಕಲ್ಲೆಲ್ಲ ತಮ್ಮದೇ ವಿಭೂತಿ. ಕತ್ತು ಚಾಚಿದರು, ಬಗ್ಗಿಸಿದರು.

"ಏನೂ ಕಾಣಕಿಲ್ವಲ್ಲೋ! ಇಷ್ಟ್ ದಿನ ಯಂಗ್ಲಾ ಓಡುಸ್ತಿದ್ದೆ?"

"ಮಾದಪ್ಪನ ಮ್ಯಾಲೆ ಭಾರ ಆಕಿ."

ಅವರು ತಿರುಗಿ ಹಿಂದಿನ ಸೀಟು ನೋಡಿದರು. ಸೊಸೆ, ಮೊಮ್ಮಕ್ಕಳು, ಎಲ್ಲರೂ ಇದೇ ಕಾರಿನಲ್ಲಿ ಓಡಾಡಿದ್ದರು.

ಅಷ್ಟರಲ್ಲಿ ದೊಡ್ಡಮಾದಪ್ಪ ಬೈದುಕೊಳ್ಳುತ್ತಾ ಹುರುಳಿ ಸರಿಸಿದ. ಗುಡ್ಡೆಗೆ ಚುಚ್ಚಿಟ್ಟಿದ್ದ ಅವನ ಕವೆಗೋಲು ಬಾನೆಟ್ಟಿನ ಮೇಲೆ ಬಿದ್ದಿತ್ತು. ಎತ್ತಿದರೆ ಅದರ ಕೆಳಗೆ ಅಡ್ಡಕ್ಕೆ ಗೇಣುದ್ದ ಗೀರು.

ಶಿವಯ್ಯ ರಸ್ತೆಯಲ್ಲೇ ಕುಕ್ಕರಿಸಿದ. ಕಣ್ಣಲ್ಲಿ ನೀರು ತುಂಬಿತು. "ಮುಗೀತು ಕಣ್ರವ್ವಾ. ನಾಳಿಂದ ಎತ್ತಿನ ಬಾಲವೇ ಗತಿ."

ದೊಡ್ಡಬಸಮ್ಮ ಗೀರನ್ನು ನೋಡಿದರು, ಗಾಜನ್ನು ನೋಡಿದರು. ದೊಡ್ಡಮಾದಪ್ಪನ ಮಡಕೆಯ ನೀರಿನಲ್ಲಿ ಸೆರಗು ಅದ್ದಿ ಗಾಜನ್ನು ತಾವೇ ಒರೆಸಿದರು. ವಿಭೂತಿ ನೆಲಕ್ಕೆ ಬೀಳಬಾರದಲ್ಲ, ಅಂಗೈಗೆ ಬಳಿದುಕೊಂಡರು. ಆಮೇಲೆ ಬಾನೆಟ್ಟಿನ ಮೇಲೆ ಮೂರು ಪಟ್ಟೆ ಎಳೆದರು. ನಡುವಿನ ಪಟ್ಟೆ ಗೀರನ್ನು ಪೂರ್ತಿ ನುಂಗಿತು.

"ಇದೂ ದೀಪದ ಮ್ಯಾಲೇ ಅದೆ. ಇದೇ ಹಣೆ ಕಣ್ಲಾ, ಏಳು."

ಪಟ, ಹಾರ ಕಿತ್ತು ಡಬ್ಬಿಯ ಪಕ್ಕ ಇಟ್ಟರು, ಪರದೆ ಸರಿಸಿದರು, ಕನ್ನಡಿಯ ಬಟ್ಟೆ ಬಿಚ್ಚಿದರು. ಹಿಂದೆ ಹೋಗದೆ ಶಿವಯ್ಯನ ಪಕ್ಕದ ಸೀಟಿನಲ್ಲೇ ಕೂತು, "ಎತ್ತು ಬತ್ತಾ ಅದೆ ನೋಡ್ಲಾ, ಹಳ್ಳ ಅದೆ ನೋಡ್ಲಾ" ಎಂದು ಹನೂರಿನ ತನಕ ದಾರಿ ಹೇಳಿದರು. ತನಗೂ ಈಗ ಕಾಣುತ್ತದೆ ಎಂದು ಹೇಳುವ ಧೈರ್ಯ ಶಿವಯ್ಯನಿಗೆ ಬರಲಿಲ್ಲ.

ಸಂಜೆ ಕಾರು ಮನೆಗೆ ಬಂತು. ಗುರುಪಾದಸ್ವಾಮಿ ಎಂದಿನಂತೆ ಸುತ್ತಿ ಬಂದರು, ಅಂಗೈ ಬಾಗಿಲು ಸವರಿತು, ಮಡ್‌ಗಾರ್ಡು ಸವರಿತು, ಬಾನೆಟ್ಟಿನ ಕಡೆ ಚಾಚಿತು.

"ಕೈ ತಗೀ ಮಗಾ," ಎಂದರು ಜಗುಲಿಯಲ್ಲಿದ್ದ ತಾಯಿ. "ವಿಭೂತಿ ಅಳಿಸ್ದೋರ ಅನ್ನ ಈ ಮನೇಲಿ ಅವತ್ಗೇ ಮುಗೀತು."

ಗುರುಪಾದಸ್ವಾಮಿ ತಟ್ಟನೆ ಕೈ ಹಿಂದೆಗೆದು ಬಾನೆಟ್ಟಿಗೆ ಭಕ್ತಿಯಿಂದ ನಮಸ್ಕರಿಸಿದರು. ಶಿವಯ್ಯನೂ ಕೈ ಮುಗಿದ. ಅವನು ಮುಗಿದದ್ದು ಜಗುಲಿಯ ಕಡೆಗೆ.