ಕೊನೆಯವಳ ಬುತ್ತಿ

ಟೈಫಾಯ್ಡ್ ಬಿಟ್ಟ ಮೇಲೆ ಜೋನಳನ್ನು ಶಾಲೆಗೆ ಕಳುಹಿಸಬಹುದು ಎಂದು ಡಾಕ್ಟರರು ಹೇಳಿದರು. ಆದರೆ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಹೊಟ್ಟೆಗೆ ಗಂಜಿ ಬೀಳಬೇಕು. ಹಸಿವಿನಿಂದ ತಲೆ ತಿರುಗಿ ಬಿದ್ದರೆ ಮುಂದಿನ ಜೂನ್‌ವರೆಗೆ ಮನೆಯಲ್ಲೇ ಇರಬೇಕು, ಐದನೇ ಕ್ಲಾಸು ಮತ್ತೆ ಮೊದಲಿನಿಂದ. ಹಾಸಿಗೆಯಲ್ಲಿ ಮಲಗಿಕೊಂಡೇ ಶಾಲೆಯ ಗಂಟೆಗೆ ಕಿವಿಕೊಡುತ್ತಿದ್ದ ಹುಡುಗಿಗೆ ಈ ಕೊನೆಯ ಮಾತನ್ನು ನಾನು ಹೇಳಲಿಲ್ಲ.

ನಾನೇ ಗಂಜಿ ಒಯ್ಯೋಣವೆಂದರೆ ತೊಟ್ಟಿಲಲ್ಲಿ ವಿಲ್ಲಿ ಇದ್ದ. ನಮ್ಮ ಬೀದಿಯ ಮಕ್ಕಳ ಬುತ್ತಿಗಳನ್ನೆಲ್ಲ ಗುರುವಪ್ಪ ಕೈಗಾಡಿಯಲ್ಲಿ ಶಾಲೆಗೆ ಮುಟ್ಟಿಸುತ್ತಿದ್ದ. ಮೊದಲೆಲ್ಲ ಅವನ್ನು ಜಗಲಿಯಲ್ಲಿ ರಾಶಿ ಹಾಕುತ್ತಿದ್ದರು. ಐವತ್ತೆಂಟರಲ್ಲಿ ಮದ್ರಾಸಿನಿಂದ ಬಂದ ಹೊಸ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಾಸಿಲ್ ಅಲ್ಲಿ ಮರದ ಕಪಾಟು ಮಾಡಿಸಿದರು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು. ಮನೆತನದ ಹೆಸರಿದ್ದವರಿಗೆ ಅದರ ಮೊದಲ ಅಕ್ಷರ, ಇಲ್ಲದವರಿಗೆ ಅವರ ಹೆಸರಿನದೇ. ಪಕ್ಕದ ಮನೆಯ ನಳಿನಾಕ್ಷಿಯ ಮಗಳು ಹೇಮಾಕ್ಷಿ ಕಣ್ಣು ಮುಚ್ಚಿ ಕೈ ಹಾಕಿದರೂ ತನ್ನ ಬುತ್ತಿ ಸಿಗುತ್ತದೆ ಎಂದು ಹೊಗಳುತ್ತಿದ್ದಳು.

ಜೋನಳ ಬುತ್ತಿ ಮಾತ್ರ ಅರ್ಧ ಗಂಜಿಯೊಂದಿಗೆ ವಾಪಸು ಬರತೊಡಗಿತು.

"ಸೇರುವುದಿಲ್ಲವಾ ಮಗಾ?"

"ಸೇರ್ತದೆ ಅಮ್ಮಾ. ಬುತ್ತಿ ಸಿಗುವಾಗ ಹೊತ್ತು ಮೀರಿರ್ತದೆ."

ಮರುದಿನ ವಿಲ್ಲಿಯನ್ನು ನಳಿನಾಕ್ಷಿಯ ಕೈಯಲ್ಲಿ ಕೊಟ್ಟು ನಾನೇ ಹೋಗಿ ನೋಡಿದೆ. ಕಪಾಟಿನ ಹೆಚ್ಚಿನ ಗೂಡುಗಳಲ್ಲಿ ಒಂದೆರಡು ಬುತ್ತಿ, ಕೆಲವು ಬರೀ ಖಾಲಿ. 'ಡಿ' ಗೂಡಿನಲ್ಲಿ ಮಾತ್ರ ಒಂದರ ಮೇಲೊಂದು, ಹಿಂದೊಂದು ಮುಂದೊಂದು, ನೆಲದಲ್ಲೂ ಸಾಲು. ಡಿಸೋಜ, ಡಿಸಿಲ್ವ, ಡಿಕುನ್ಹ, ಡಿಮೆಲ್ಲೊ, ಡಿಕೋಸ್ತ: ನಮ್ಮವರ ಅರ್ಧ ಊರೇ ಅಲ್ಲಿತ್ತು. ಒಂದೊಂದನ್ನೇ ತಿರುಗಿಸಿ ಹೆಸರು ಓದಬೇಕು. ಗಟ್ಟಿ ಹುಡುಗಿಯರು ನುಗ್ಗಿ ತೆಗೆದುಕೊಂಡರು. ಜೋನ್ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಅವಳು ನಾಲ್ಕು ಚಮಚ ಉಣ್ಣುವಷ್ಟರಲ್ಲಿ ಗಂಟೆ ಹೊಡೆಯಿತು.

ಸಿಸ್ಟರ್ ಬಾಸಿಲ್ ಒಳ್ಳೆಯವರು. ಕುರ್ಚಿ ಎಳೆದುಕೊಟ್ಟರು.

"ನಾನೇ ನಿಂತು ನೋಡಿದ್ದೇನೆ, ಮಿಸೆಸ್ ಡಿಸೋಜ. ಹೆಚ್ಚಿನ ಮಕ್ಕಳಿಗೆ ಕೈ ಹಾಕಿದ ಕೂಡಲೇ ಸಿಗುತ್ತದೆ."

"ಸಿಕ್ಕಿದವರನ್ನು ನೋಡಿದ್ದೀರಿ, ಸಿಸ್ಟರ್. ಕೊನೆಗೆ ನಿಲ್ಲುವವಳನ್ನೂ ಒಮ್ಮೆ ನೋಡಿ."

"ಜೋನಳ ಬುತ್ತಿಯನ್ನು ಬೇರೆ ಇಡಿಸಲೇ?"

"ಆಗ ಇನ್ನೊಬ್ಬಳು ಕೊನೆಯವಳಾಗ್ತಾಳೆ. ಅವಳೂ ಯಾರದೋ ಮಗಳೇ ಅಲ್ವಾ?"

ಅವರು ಯೋಚಿಸಿ, ಸೋಮವಾರದಿಂದ ಮನೆತನ ಬೇಡ, ಹುಡುಗಿಯ ಸ್ವಂತ ಹೆಸರಿನ ಪ್ರಕಾರ ಇಡೋಣ ಎಂದರು. ಶಾಲೆಯಲ್ಲಿ ಬರೆಸಿದ ಹೆಸರನ್ನೇ ಬುತ್ತಿಯ ಮೇಲೆ ಪೇಂಟ್ ಮಾಡಬೇಕು. ನನಗೂ ಸರಿ ಎನಿಸಿತು. ಮನೆಯಲ್ಲಿ ನಾವು ಜೋನ್, ಆಗ್ನೆಸ್, ಸಿಸಿಲಿಯಾ ಎಂದೇ ಕರೆಯುತ್ತಿದ್ದೆವಲ್ಲ. ಜ್ಞಾನಸ್ನಾನದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ದೇವಮಾತೆ ಮೇರಿಯ ಹೆಸರು ಸೇರಿಸುವುದು, ಶಾಲೆಯಲ್ಲಿ ಅದನ್ನೇ ಬರೆಸುವುದು, ಇದು ನಮಗೆ ಉಸಿರಾಡಿದಷ್ಟು ರೂಢಿ. ಹಾಗಾಗಿ ನೆನಪಿಗೇ ಬರಲಿಲ್ಲ. ಸೋಮವಾರ ಮೇರಿ ಜೋನ್, ಮೇರಿ ಆಗ್ನೆಸ್, ಮೇರಿ ಸಿಸಿಲಿಯಾ ಎಲ್ಲರೂ 'ಎಂ' ಗೂಡಿನ ಮುಂದೆ ನಿಂತರು. ಮೊದಲಿಗಿಂತ ದೊಡ್ಡ ಗುಂಪು.

ಅಂದು ಜೋನ್ ಮೆಟ್ಟಿಲ ಮೇಲೆ ಕುಸಿದಳು. ಹೇಮಾಕ್ಷಿ ಹಿಡಿದುಕೊಂಡದ್ದರಿಂದ ತಲೆಗೆ ಪೆಟ್ಟಾಗಲಿಲ್ಲ.

"ನಿಮ್ಮಲ್ಲಿ ಹೆಸರಿಗೆ ಬರಗಾಲವಾ, ಡಾಲಿ ಬಾಯಿ?" ಸಂಜೆ ಶುಂಠಿ ಕಷಾಯ ತಂದುಕೊಟ್ಟ ನಳಿನಾಕ್ಷಿ ನನ್ನನ್ನು ನಗಿಸಲು ನೋಡಿದಳು.

"ನಿಮ್ಮ ಮನೆಯಲ್ಲೆಂತ ಸುಗ್ಗಿಯಾ? ತಾಯಿ, ಮಗಳು ಎಲ್ಲ ಅಕ್ಷಿಗಳೇ."

ನನ್ನ ಗಂಡ ಆಂಬ್ರೋಸ್ ಬಂದರ್‌ನ ಗೋದಾಮಿನಿಂದ ಬಂದವರು ನಗಲಿಲ್ಲ. "ಸಾಕು. ನಾಳೆಯಿಂದ ಮನೆಯಲ್ಲೇ ಇರ್ಲಿ."

ಜೋನ್ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಆಗ ಜೊಕಿಮಾಬು ಬಂದರು. ಅವರು ನಮ್ಮ ಗುರ್ಕಾರರು. ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಮನೆಗಳನ್ನು ವಾಡೊಗಳಾಗಿ ಹಂಚಿರುತ್ತಾರೆ. ಯಾರದಾದರೂ ಮರಣವಾದರೆ ವಾಡೊದ ಮನೆಮನೆಗೆ ಸುದ್ದಿ ಮುಟ್ಟಿಸುವುದು ಗುರ್ಕಾರನ ಕೆಲಸ.

"ಮನೆಗಳು ಜಾಸ್ತಿಯಾದವು ಮಾರಾಯ," ಎಂದು ಆಂಬ್ರೋಸರಿಗೆ ಹೇಳಿದರು. "ಮೊನ್ನೆ ಕೊನೆಯ ಮನೆಗೆ ಹೋಗುವಾಗ ಹೆಣ ಎತ್ತಿ ಆಗಿತ್ತು. ಫಾದರ್ ನಮ್ಮ ವಾಡೊವನ್ನು ಒಡೆದು ಎರಡು ಮಾಡಿದ್ದಾರೆ."

"ಬೇರೆ ವಾಡೊಗಳನ್ನು?" ನಾನು ಕೇಳಿದೆ.

"ಅವುಗಳನ್ನು ಯಾಕೆ ಮುಟ್ಟುವುದು? ತುಂಬಿದ್ದನ್ನು ಮಾತ್ರ."

ನಾನು ಸೌಟು ಹಿಡಿದುಕೊಂಡೇ ನಿಂತೆ. ಆಮೇಲೆ ಜೋನಳನ್ನು ಇನ್ನೊಂದೇ ದಿನ ಕಳುಹಿಸೋಣವೆಂದು ಆಂಬ್ರೋಸರನ್ನು ಒಪ್ಪಿಸಿದೆ.

ಬೆಳಿಗ್ಗೆ ಬೇಗ ಹೋಗಿ ಸಿಸ್ಟರಿಗೆ ವಾಡೊದ ವಿಷಯ ಹೇಳಿದೆ. ಮದ್ರಾಸಿನಲ್ಲಿ ಅವರು ಇಂಥದ್ದನ್ನು ಕಂಡಿರಲಿಲ್ಲ. ಗೂಡಿನಲ್ಲಿ ಒಂದೇ ಸಾಲು ಬುತ್ತಿ, ಅದಕ್ಕಿಂತ ಹೆಚ್ಚಾದರೆ ಒಡೆದು ಎರಡು ಗೂಡು, ಅವೂ ತುಂಬಿದರೆ ಮತ್ತೆ ಒಡೆಯುವುದು ಎಂದು ವಿವರಿಸಿದೆ.

"ಅಷ್ಟು ಗೂಡು ಎಲ್ಲಿಂದ ತರಲಿ?"

"ಕ್ಯೂ, ಎಕ್ಸ್, ಜೆಡ್ ಎಲ್ಲ ಖಾಲಿ ಉಂಟಲ್ಲ, ಸಿಸ್ಟರ್. ಯಾರಿಗಾಗಿ ಕಾಯ್ತಾ ಉಂಟು?"

ಅವರು ನಕ್ಕು ಸೀಮೆಸುಣ್ಣ ತಂದರು. ಮತ್ತೆ ಮನೆತನಕ್ಕೇ ಬಂದೆವು. ಡಿಸಿಲ್ವರಿಗೆ ಬೇರೆ, ಡಿಮೆಲ್ಲೊಗಳಿಗೆ ಬೇರೆ. ಡಿಸೋಜರೇ ಒಂದು ದಂಡಾಗಿ ಉಳಿದಾಗ ಅವರನ್ನು ಕ್ಲಾಸಿನ ಪ್ರಕಾರ ಒಡೆದೆವು. ಒಬ್ಬಿಬ್ಬರೇ ಇದ್ದ ಅಕ್ಷರಗಳನ್ನು ಒಟ್ಟಿಗೆ ಸೇರಿಸಿದೆವು. ಹೇಮಾಕ್ಷಿಗೂ ಜೊತೆ ಸಿಕ್ಕಿತು. ಇನ್ನು ಅವಳು ಕಣ್ಣು ತೆರೆದು ನೋಡಬೇಕು.

ಗುರುವಪ್ಪನಿಗೆ ಸಿಟ್ಟು ಬಂತು. "ಮೊದಲು ಅಕ್ಷರ ನೋಡಿ ದೂಡಿದರೆ ಆಗ್ತಿತ್ತು ಬಾಯಿ. ಈಗ ಕ್ಲಾಸು ನೋಡು, ಸಾಲು ನೋಡು. ನನ್ನ ಹೊಟ್ಟೆಗೆ ಗಂಜಿ ಯಾವಾಗ?"

"ಗಂಜಿಯನ್ನು ನಾನು ಬೇಗ ಬೇಯಿಸಿ ಕೊಡ್ತೇನೆ. ನೀನೂ ಸ್ವಲ್ಪ ಬೇಗ ಹೊರಡು."

ಆ ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದವಳ ಕಿವಿಯೆಲ್ಲ ಬೀದಿಯ ಕಡೆಗೇ ಇತ್ತು. ಶಾಲೆಯಿಂದ ಯಾರೂ ಓಡಿ ಬರಲಿಲ್ಲ. ಹೊತ್ತು ಇಳಿದ ಮೇಲೆ ಕೈಗಾಡಿಯ ಸದ್ದಾಯಿತು. ಗುರುವಪ್ಪ ಜೋನಳ ಬುತ್ತಿಯನ್ನು ಒಂದೇ ಬೆರಳಿಗೆ ಸಿಕ್ಕಿಸಿ ತಂದ.

"ಆ ಸಿಸ್ಟರ್ ಇವತ್ತು ಕಪಾಟಿನ ಹತ್ತಿರವೇ ನಿಂತಿದ್ದರು ಬಾಯಿ. ಕೊನೆಯ ಹುಡುಗಿ ಕೂತು ಉಣ್ಣುವವರೆಗೆ ಕದಲಲಿಲ್ಲ."

"ಕೊನೆಯವಳು ಯಾರು?"

"ಯಾರೋ. ನಿಮ್ಮ ಮಗಳಲ್ಲ."

ಮುಚ್ಚಳ ತೆಗೆದೆ. ತಳದಲ್ಲಿ ಉಪ್ಪಿನಕಾಯಿಯ ಮಾವಿನ ಸಿಪ್ಪೆ ಮಾತ್ರ ಅಂಟಿಕೊಂಡಿತ್ತು. ಮರುದಿನ ಗುರುವಪ್ಪನಿಗೂ ಆಗಲಿ ಎಂದು ಇನ್ನೂ ಅರ್ಧ ಸೇರು ಅಕ್ಕಿ ಅಳೆದು ತೆಗೆದಿಟ್ಟೆ.