ಅಂಗಡಿಯ ಕಮಾನು

ಫ್ರಾನ್ಸಿನ ಬರ್ಗಂಡಿ ಸೀಮೆಯ ನಮ್ಮ ಬೀದಿಯಲ್ಲಿ ಎಲ್ಲಕ್ಕಿಂತ ಹಳೆಯದು ನಮ್ಮ ಮನೆ. ಎಂಟುನೂರು ವರ್ಷ ದಾಟಿದ ಕಲ್ಲುಮನೆ. ಮಹಡಿಯ ಮುಂಗೋಡೆಯಲ್ಲಿ ಗಾರೆಯಡಿ ಹೂತುಹೋಗಿದ್ದ ಏಳು ಕಂಬಗಳ ಕಿಟಕಿಯನ್ನು ಎರಡು ಚಳಿಗಾಲ ಉಳಿ ಹಿಡಿದು ಕೆರೆದು ಬಿಡಿಸಿದವನು ನನ್ನ ಗಂಡ ಲ್ಯೂಸ್ಯೆನ್. ಕಲ್ಲುಕುಟಿಗ. ಸರ್ಕಾರದವರು ಮನೆಯನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದ ದಿನ ಬೀದಿಗೆಲ್ಲ ವೈನ್ ಹಂಚಿದ್ದ.

ಆಮೇಲೆ ಒಂದು ಇಗರ್ಜಿಯ ಮಾಡಿನಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯವರು ಅವನನ್ನು ಹೊತ್ತು ಮಹಡಿಗೆ ತಂದು ಬಿಟ್ಟುಹೋದರು. ಕೆಳಗೆ ಇದ್ದದ್ದು ಕಿಟಕಿಯೂ ಇಲ್ಲದ ಸೌದೆ ಕೋಣೆ ಒಂದೇ. ಅದರ ಬಾಗಿಲಲ್ಲಿ ಗಾಲಿಕುರ್ಚಿ ತೂರುತ್ತಿರಲಿಲ್ಲ.

ಮೆಟ್ಟಿಲಿಗೆ ಹತ್ತಿಳಿಸುವ ಯಂತ್ರದ ಕುರ್ಚಿ ಹಾಕಿಸಲು ಅರ್ಜಿ ಕೊಟ್ಟೆ. ಪರಂಪರೆ ಇಲಾಖೆಯ ಮದಾಂ ಪೆರ್ಷೆ ಬಂದರು. ಚಿಕ್ಕ ವಯಸ್ಸಿನ ಹುಡುಗಿ.

"ಈ ಗೋಡೆಗೆ ತೂತು ಕೊರೆಯೋ ಹಾಗಿಲ್ಲ ಮದಾಂ. ನಂಗೂ ಬೇಜಾರೇ."

ಲ್ಯೂಸ್ಯೆನ್ ಹಾಸಿಗೆಯಿಂದಲೇ ಕೂಗಿದ: "ಕಂಬಕ್ಕೆ ಕಾನೂನಿದೆ, ಕಾಲಿಗಿಲ್ಲ ಅನ್ನಿ!"

ಅವತ್ತೇ ನನ್ನ ಕೈಲಿ ಹಾಸಿಗೆಯನ್ನು ಕಿಟಕಿಗೆ ಬೆನ್ನಾಗಿ ಗೋಡೆಯ ಕಡೆಗೆ ತಿರುಗಿಸಿಕೊಂಡ.

"ಆ ಕಿಟಕಿ ಬಿಡಿಸ್ದೆ ಸುಮ್ನೆ ಇದ್ದಿದ್ರೆ ಇದು ಬರೀ ಹಳೇ ಮನೆ ಆಗಿರ್ತಿತ್ತು, ಒದೀಲ್. ನನ್ನ ಪಂಜರಾನ ನಾನೇ ಕೆತ್ಕೊಂಡೆ."

"ನನಗೂ ಸೇರಿಸಿ ಕೆತ್ತಿದ್ದೀಯ," ಎಂದೆ. ಅವನನ್ನು ಬಿಟ್ಟು ಒಂದು ಗಂಟೆಯೂ ಹೊರಗೆ ಹೋಗುವಂತಿರಲಿಲ್ಲ. ಅಂದದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಆದರೆ ಸುಳ್ಳಾಗಿರಲಿಲ್ಲ.

ಹೀಗೇ ಹನ್ನೊಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಸೌದೆ ತರಲು ಇಳಿದಾಗ, ಬೀದಿ ಕಡೆಯ ಗೋಡೆಯಲ್ಲಿ ತೇವಕ್ಕೆ ಗಾರೆ ಉದುರಿದ್ದು ಕಂಡಿತು. ಮೇಲೆ ಬಂದು ಹೇಳಿದೆ.

"ಒಳಗಿನ ಕಲ್ಲು ಅಡ್ಡಡ್ಡ ಇದ್ಯಾ, ಬೀಸಣಿಗೆ ಥರ ಇದ್ಯಾ?"

"ಬೀಸಣಿಗೆ ಥರ."

ಮೊಣಕೈ ಊರಿ ಎದ್ದು ಕೂತ. "ಅದು ಅಂಗಡಿ ಕಮಾನು ಕಣೇ! ಹಿಂದೆ ಕೆಳಗಡೆ ಅಂಗಡಿ, ಮೇಲೆ ಸಂಸಾರ. ಆಮೇಲೆ ಯಾರೋ ಮುಚ್ಚಿದ್ದಾರೆ. ನಾನೊಬ್ಬ ಕತ್ತೆ, ಕಂಬದ ಹುಚ್ಚಲ್ಲಿ ಕೆಳಗೆ ನೋಡ್ಲೇ ಇಲ್ಲ!"

ಮದಾಂ ಪೆರ್ಷೆ ಮತ್ತೆ ಬಂದು, ಕೆರೆದು ನೋಡಿ, ಮೊದಲ ಸಲ ನಕ್ಕರು. "ಮುಚ್ಚಿರೋ ಕಲ್ಲು ಈಚಿನದು. ತೆಗೀಬಹುದು. ತೆಗೀಲೇಬೇಕು."

ಲ್ಯೂಸ್ಯೆನ್‌ನ ಹಳೆಯ ಜೊತೆಗಾರರು ಒಂದೊಂದೇ ಕಲ್ಲು ಬಿಡಿಸಿದರು. ಅವನು ಮೇಲಿನಿಂದ ನೆಲಕ್ಕೆ ಕೋಲು ಕುಟ್ಟಿ ಬೈದು ಹೇಳಿಕೊಟ್ಟ. ಹತ್ತು ಅಡಿ ಅಗಲದ ಕಮಾನು ತೆರೆಯಿತು. ಅದಕ್ಕೆ ಅಗಲ ಬಾಗಿಲಿರುವ ಗಾಜು ಕೂರಿಸಿ, ಒಳಗೆ ಹಾಸಿಗೆ ಹಾಕಿದೆವು. ಬೀದಿಗೂ ನೆಲಕ್ಕೂ ಒಂದೇ ಮಟ್ಟ.

ಶನಿವಾರದ ಸಂತೆಯ ದಿನ ನಾಲ್ವರು ಅವನನ್ನು ಕುರ್ಚಿ ಸಮೇತ ಇಳಿಸಿದರು. ಇನ್ನು ತಾನು ಬಿಡಿಸಿದ ಕಿಟಕಿಯ ಬಳಿ ಕೂರಲಾರ ಎಂಬುದು ಅವನಿಗೂ ಗೊತ್ತಿತ್ತು. ಗಾಲಿಕುರ್ಚಿಯನ್ನು ಹಿಂದಿನಿಂದ ತಳ್ಳಲು ಹೋದೆ.

"ಕೈ ತೆಗಿ," ಎಂದ. ತಾನೇ ತಳ್ಳಿಕೊಂಡು ಜನರೊಳಗೆ ಹೋದ. ಚೀಸ್ ಮಾರುವವಳ ಜೊತೆ ಅವನು ಜಗಳ ತೆಗೆದದ್ದು ಕೇಳಿಸಿತು.

ಎರಡು ಗಂಟೆ ಕಳೆದರೂ ಬರಲಿಲ್ಲ. ಅವನು ಬಿದ್ದ ಮೇಲೆ ಮೊದಲ ಸಲ ಮಾಡಲು ಏನೂ ಕೆಲಸವಿಲ್ಲದೆ ನಾನು ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ.