ಕೊನೆಯ ಪುಟದ ಒಂದು ಸೆಕೆಂಡ್

ಭೌತಶಾಸ್ತ್ರದಲ್ಲಿ ನನಗೆ ಸರಿಸಮಾನರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಸಂಜೆ ಕಾಲೇಜಿಗಂತೂ ಸೇರಿಲ್ಲ. ಹಗಲೆಲ್ಲ ಆಸ್ಪತ್ರೆಯಲ್ಲಿ ರೋಗಿಗಳ ಗಾಲಿಕುರ್ಚಿ ತಳ್ಳುವವಳು ನಾನು. ಬಲ, ವೇಗ, ಘರ್ಷಣೆ ಎಂಬುವೆಲ್ಲ ನನಗೆ ಪುಸ್ತಕದ ಮಾತಲ್ಲ, ಸೊಂಟದ ಮಾತು. ಇಂಥ ನನಗೆ ಆ ಮನುಷ್ಯ ಒಂದು ಲೆಕ್ಕಕ್ಕೆ ಸೊನ್ನೆ ಕೊಟ್ಟ. ಪಾಠ ಹೇಳುವವರನ್ನು ಹಾಗೆ ಏಕವಚನದಲ್ಲಿ ಕರೆಯಬಾರದು, ಸರಿ, ಕೊಟ್ಟರು. ಕೆಂಪು ಶಾಯಿಯಲ್ಲಿ, ಊಟದ ತಟ್ಟೆಯಷ್ಟು ಅಗಲದ ಸೊನ್ನೆ. ಒಳಗೆ ಕೂತು ಊಟ ಮಾಡಬಹುದಿತ್ತು.

ಲೆಕ್ಕ ಇಷ್ಟೇ. ಹದಿನೈದು ಮೀಟರ್ ಎತ್ತರದ ತಾರಸಿಯ ಅಂಚಿನಿಂದ ಒಂದು ಚೆಂಡನ್ನು ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದಾರೆ. ಅದು ನೆಲಕ್ಕೆ ಬೀಳಲು ಎಷ್ಟು ಹೊತ್ತು ಬೇಕು? ಗುರುತ್ವದ ಬೆಲೆ ಹತ್ತು ಎಂದಿಟ್ಟುಕೊಳ್ಳಿ, ಗಾಳಿ ಇದೆ ಎಂಬುದನ್ನೇ ಮರೆತುಬಿಡಿ. ನಾನು ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಬಿಡಿಸಿ ಮುಗಿಸಿದ್ದೆ. ಉತ್ತರ ಮೂರು ಸೆಕೆಂಡ್.

ಪುಸ್ತಕದ ಕೊನೆಯ ಪುಟದಲ್ಲಿದ್ದ ಉತ್ತರ ಒಂದು ಸೆಕೆಂಡ್.

ತರಗತಿಯಲ್ಲಿ ಎಲ್ಲರೂ ಒಂದು ಸೆಕೆಂಡ್ ಎಂದೇ ಬರೆದಿದ್ದರು, ಎಲ್ಲರಿಗೂ ಪೂರ್ತಿ ಅಂಕ. ನಿಜ ಬರೆದವಳಿಗೆ ತಟ್ಟೆ. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ, ಆದರೆ ಆ ಕಾಲೇಜಿನಲ್ಲಿ ಒಂದು ನಿಯಮವಿದೆ: ಹೋಂವರ್ಕಿನ ಅಂಕ ಅರ್ಧಕ್ಕೆ ಮುಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಪಾಸಾಗದಿದ್ದರೆ ಎಕ್ಸ್‌ರೇ ತಂತ್ರಜ್ಞರ ತರಬೇತಿಗೆ ಸೀಟಿಲ್ಲ. ಸೀಟಿಲ್ಲದಿದ್ದರೆ ನಾನು ಸಾಯುವ ತನಕ ಜನರನ್ನು ಎಕ್ಸ್‌ರೇ ಕೋಣೆಯ ಬಾಗಿಲವರೆಗೆ ತಳ್ಳಿಕೊಂಡು ಹೋಗಿ, ಹೊರಗಿನಿಂದಲೇ ವಾಪಸು ಬರಬೇಕು. ಮೊದಮೊದಲ ಹೋಂವರ್ಕುಗಳನ್ನು ತೀರಾ ಎಳಸು ಎಂದು ನಾನೇ ಕೊಡದೆ ಬಿಟ್ಟಿದ್ದೆ. ಸಿಂಹಕ್ಕೆ ಹುಲ್ಲು ಹಾಕಿದರೆ ತಿನ್ನುತ್ತದೆಯೇ? ಹಾಗಾಗಿ ಈಗ ಈ ಒಂದು ಲೆಕ್ಕದ ಅಂಕ ಇಲ್ಲದೆ ನಾನು ಅರ್ಧಕ್ಕೆ ಮುಟ್ಟುವಂತಿರಲಿಲ್ಲ.

ನೇರ ಮೇಷ್ಟ್ರ ಮೇಜಿಗೆ ಹೋದೆ. ಅವರನ್ನು ನಾವೆಲ್ಲ ದಶಮಾಂಶ ಮೇಷ್ಟ್ರು ಎನ್ನುತ್ತೇವೆ. ಚುಕ್ಕಿ ತಪ್ಪಿದರೆ ಕಾಲು ಅಂಕ, ಮೀಟರೋ ಸೆಕೆಂಡೋ ಎಂದು ಮಾನ ಬರೆಯದಿದ್ದರೆ ಅರ್ಧ ಅಂಕ ಕತ್ತರಿಸುವ ಆಸಾಮಿ. ಒಮ್ಮೆ ಯಾರೋ ಉತ್ತರ ಬರೀ ಐದು ಎಂದು ಬರೆದಿದ್ದಕ್ಕೆ, "ಐದು ಏನಪ್ಪಾ? ಐದು ಕುರೀನಾ?" ಎಂದು ತರಗತಿಯೆಲ್ಲ ಕೇಳುವಂತೆ ಕೇಳಿದ್ದರು.

"ಸಾರ್, ಇದು ಮೂರೇ," ಎಂದೆ.

"ನೋಡಿಮ್ಮಾ, ಪುಸ್ತಕ ನೋಡಿ. ಒಂದು."

"ಪುಸ್ತಕ ತಪ್ಪು ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಪುಸ್ತಕ ಓದಿ ಎಷ್ಟು ಜನ ಪಾಸಾಗಿದಾರೆ ಗೊತ್ತಾ? ನಾನೂ ಇದನ್ನೇ ಓದಿದ್ದು. ಅಷ್ಟೂ ಜನ ದಡ್ಡರು, ನೀವೊಬ್ರೇ ಜಾಣೆ ಅಂತೀರಾ?"

"ಅಷ್ಟೂ ಜನ ಬಾವಿಗೆ ಬಿದ್ದಿದ್ರೆ ಅದಕ್ಕೆ ಈಜುಕೊಳ ಅಂತ ಬೋರ್ಡ್ ಹಾಕೋಕಾಗುತ್ತಾ ಸಾರ್? ಚೆಂಡು ಮೇಲಕ್ಕೆ ಹೋಗಿ ನಿಲ್ಲೋಕೇ ಒಂದು ಸೆಕೆಂಡ್ ಬೇಕು. ಅಲ್ಲಿ ನಿಂತು ಅದು ಇನ್ನೂ ಉಸಿರು ಬಿಟ್ಟಿಲ್ಲ, ಅಷ್ಟರಲ್ಲಿ ನೆಲಕ್ಕೆ ಬಿದ್ದಾಯ್ತು ಅಂದ್ರೆ ಹೆಂಗೆ?"

"ಉತ್ತರಮಾಲೆ ನೋಡಿ ಅಂಕ ಕೊಡೋದು ಇಲ್ಲಿನ ಪದ್ಧತಿ," ಎಂದು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ನನ್ನ ಮೈಯಲ್ಲಿದ್ದ ರಕ್ತ ಕುದಿದು ಆವಿಯಾಗಿ ಕಿವಿಯಿಂದ ಹೊರಟಿತು. ಪಕ್ಕದಲ್ಲಿದ್ದವರು ಕಿಟಕಿ ತೆರೆದರು.

ಮನೆಗೆ ಬಂದರೆ ಇನ್ನೊಂದು ಗಾಯ ಕಾದಿತ್ತು. ನನ್ನ ನಾದಿನಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅದೇ ತರಗತಿ, ಅದೇ ಬೆಂಚು, ಅದೇ ಎಕ್ಸ್‌ರೇ ಸೀಟಿನ ಆಸೆ. ಅವಳಿಗೆ ಆ ಲೆಕ್ಕಕ್ಕೆ ಪೂರ್ತಿ ಅಂಕ. ಅಡುಗೆಮನೆಯ ಕಟ್ಟೆಗೆ ಒರಗಿ ಸೌತೆಕಾಯಿ ಕಚ್ಚುತ್ತಿದ್ದಳು.

"ಪಾಪ, ಅತ್ತಿಗೆ. ಲೆಕ್ಕದ ಮಹಾರಾಣಿಗೇ ಸೊನ್ನೆಯಂತೆ!"

"ಬಾಯಿ ಮುಚ್ಚೇ. ಮೇಲಕ್ಕೆ ಎಸೆದ ಚೆಂಡು ಒಂದು ಸೆಕೆಂಡಿಗೆ ನೆಲಕ್ಕೆ ಬರೋ ಹಾಗೆ ಹೆಂಗೆ ಮಾಡಿದೆ, ಅದನ್ನು ಹೇಳು."

"ಮೊದಲು ನನಗೂ ಮೂರೇ ಬಂತು."

"ಮತ್ತೆ?"

"ಹಿಂದೆ ತಿರುಗಿಸಿ ನೋಡಿದೆ. ಒಂದು ಅಂತಿತ್ತು. ಮೂರನ್ನು ಹೊಡೆದುಹಾಕಿ, ಒಂದು ಕಡೆ ಮೈನಸ್ ಇದ್ದಿದ್ದನ್ನು ಪ್ಲಸ್ ಮಾಡಿದೆ. ಒಂದು ಬಂತು. ಎಲ್ರೂ ಹಂಗೇ ಮಾಡಿದ್ದು ಅತ್ತಿಗೆ. ಕೊನೇ ಪುಟ ಒಪ್ಪೋವರೆಗೂ ಲೆಕ್ಕಾನ ಹಿಂಡೋದು."

"ಆ ಮೈನಸ್ಸು ಪ್ಲಸ್ಸಾದ್ರೆ ಚೆಂಡನ್ನು ಮೇಲಕ್ಕಲ್ಲ, ಕೆಳಕ್ಕೆ ಬೀಸಿ ಎಸೆದ ಹಾಗೆ ಆಯ್ತಲ್ಲೇ! ಪುಸ್ತಕ ಬರೆದೋನೂ ಅದನ್ನೇ ಮಾಡಿದಾನೆ!"

"ನನಗೇನು? ನಾನು ಪಾಸು. ನಂಗೂ ಸರಿಯಾಗಿ ಅರ್ಧಕ್ಕೇ ಬಂದು ನಿಂತಿದೆ."

ಲಟ್ಟಣಿಗೆ ಕೈಗೆಟುಕುವಷ್ಟು ಹತ್ತಿರವೇ ಇತ್ತು. ನನ್ನ ತಾಳ್ಮೆ ಜಗತ್ಪ್ರಸಿದ್ಧವಾದ್ದರಿಂದ ಅವಳು ಬದುಕಿದಳು. ಆ ಕೃತಜ್ಞತೆಗೋ ಏನೋ, ಸೌತೆಕಾಯಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ಅವಳೇ ಹೇಳಿದಳು: "ಅಷ್ಟು ರೋಷ ಇದ್ರೆ ನಮ್ಮ ಕಾಲೇಜಿನ ತಾರಸಿ ಹತ್ತಿ. ಐದು ಮಹಡಿ, ಹೆಚ್ಚುಕಮ್ಮಿ ಹದಿನೈದು ಮೀಟರೇ. ಎಸೆಯೋದೂ ಬೇಡ, ಸುಮ್ಮನೆ ಬಿಡಿ. ಸುಮ್ಮನೆ ಬಿಟ್ಟಿದ್ದೇ ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ತಗೊಂಡ್ರೆ, ಮೇಲಕ್ಕೆ ಎಸೆದಿದ್ದು ಅದಕ್ಕಿಂತ ಬೇಗ ಬರುತ್ತಾ?"

ಈ ಉಪಾಯ ನನ್ನದೇ. ಅವಳ ಬಾಯಿಂದ ಬಂತು ಅಷ್ಟೇ.

ಮರುದಿನ ತರಗತಿಗೆ ಮುಂಚೆ, ಇನ್ನೂ ಬಿಸಿಲಿರುವಾಗಲೇ ಇಡೀ ತರಗತಿಯನ್ನು ಕಟ್ಟಡದ ಹಿಂದಿನ ಸೈಕಲ್ ನಿಲ್ಲಿಸುವ ಜಾಗಕ್ಕೆ ಕರೆದೆ. ಅರ್ಧ ನಗರವೇ ಸೇರಿತ್ತು ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಕಾಲು ನಗರ ಎನ್ನುತ್ತೇನೆ. ಮೇಷ್ಟ್ರು ಬರುವುದಿಲ್ಲ ಎಂದಿದ್ದರು. "ಸೋಲ್ತೀನಿ ಅನ್ನೋ ಭಯಾನಾ ಸಾರ್?" ಎಂದು ಕೇಳಿದೆ ನೋಡಿ, ಪ್ರಯೋಗಾಲಯದ ಸ್ಟಾಪ್‌ವಾಚ್ ಹಿಡಿದುಕೊಂಡು ತಾವೇ ಕೆಳಗೆ ಬಂದು ನಿಂತರು. ಬೇರೆ ಯಾರ ಕೈಗೂ ಅದನ್ನು ಕೊಡಲಿಲ್ಲ.

ನಾನೂ ನಾದಿನಿಯೂ ರಬ್ಬರ್ ಚೆಂಡುಗಳೊಂದಿಗೆ ತಾರಸಿ ಹತ್ತಿದೆವು. ನಾದಿನಿ ಕೈಕಟ್ಟೆಯಾಚೆ ಕೈ ಚಾಚಿ, "ಬಿಟ್ಟೆ!" ಎಂದು ಕೂಗಿ ಬಿಟ್ಟಳು. ಚೆಂಡು ನೆಲಕ್ಕೆ ಬಡಿಯಿತು.

ಮೇಷ್ಟ್ರು ಗಡಿಯಾರ ನೋಡಿದರು. "ಇನ್ನೊಂದ್ಸಲ," ಎಂದರು.

ಇನ್ನೊಂದು ಸಲವೂ ಬಿಟ್ಟಳು. ಕೆಳಗಿದ್ದ ಯಾರೋ ಅವರ ಹೆಗಲ ಮೇಲಿಂದ ಇಣುಕಿ, "ಎರಡರ ಹತ್ರ ಬಂತು ಸಾರ್!" ಎಂದು ಕಿರುಚಿದರು.

"ಈಗ ಮೇಲಕ್ಕೆ!" ಎಂದು ನಾನು ಗುಡುಗಿದೆ. ನನ್ನ ಮೊದಲ ಎಸೆತದ ಚೆಂಡು, ನನಗೆ ತಿಳಿದ ಮಟ್ಟಿಗೆ, ಇನ್ನೂ ಕೆಳಗೆ ಬಂದಿಲ್ಲ. ಪಕ್ಕದ ಕಟ್ಟಡದ ತಾರಸಿಗೆ ಬಿತ್ತು ಎಂದು ನಾದಿನಿ ಹೇಳುತ್ತಾಳೆ, ಅವಳ ಕಣ್ಣು ಸರಿಯಿಲ್ಲ. ಎರಡನೆಯದನ್ನು ಹದವಾಗಿ, ನಮ್ಮ ತಲೆಯ ಮೇಲೆ ಒಂದೂವರೆ ಮಹಡಿ ಏರುವಷ್ಟು ಮಾತ್ರ ಎಸೆದೆ. ಏರಿತು, ನಿಂತಿತು, ನಮ್ಮ ಮುಂದಿನಿಂದಲೇ ಕೆಳಗಿಳಿಯಿತು. ಅದು ನಮ್ಮನ್ನು ದಾಟುವ ಹೊತ್ತಿಗೇ ಪುಸ್ತಕದ ಒಂದು ಸೆಕೆಂಡ್ ಮುಗಿದು, ಇನ್ನೊಂದೂ ಮುಗಿದಿತ್ತು. ಕೆಳಗೆ ಬಡಿದ ಸದ್ದಿನ ಹಿಂದೆಯೇ ಮೇಷ್ಟ್ರ ದನಿ ಕೇಳಿಸಿತು, ಸಣ್ಣಗೆ.

"ಮೂರು."

"ಮೂರು ಏನು ಸಾರ್? ಮೂರು ಕುರೀನಾ?"

ಕಾಲು ನಗರ ನಕ್ಕಿತು. ಆ ನಗುವಿಗಾಗಿ ಮುಂದೆ ನಾನು ದಂಡ ಕಟ್ಟಬೇಕಾಗಿದೆ ಎಂದು ಆಗ ಗೊತ್ತಿರಲಿಲ್ಲ.

ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಮೇಷ್ಟ್ರು ಹೋಂವರ್ಕಿನ ಕಟ್ಟು ತರಿಸಿ, ಸೈಕಲ್ ಸೀಟಿನ ಮೇಲಿಟ್ಟುಕೊಂಡು ಪೆನ್ನು ಬಿಚ್ಚಿದ್ದರು. "ನಿಮ್ಮದು ಸರಿ. ಒಪ್ಪಿದೆ," ಎಂದರು. "ಹಾಗಾದ್ರೆ ಮಿಕ್ಕವರದೆಲ್ಲ ತಪ್ಪು. ಎಲ್ಲರಿಗೂ ಸೊನ್ನೆ."

ನಗು ನಿಂತಿತು. ನಾದಿನಿ ನನ್ನ ತೋಳು ಹಿಡಿದುಕೊಂಡಳು. ಸರಿಯಾಗಿ ಅರ್ಧಕ್ಕೆ ಬಂದು ನಿಂತವಳು. ಒಂದು ಸೊನ್ನೆ ಬಿದ್ದರೆ ಅವಳ ಪರೀಕ್ಷೆಯೂ ಹೋಯಿತು, ಸೀಟೂ ಹೋಯಿತು. ಸೌತೆಕಾಯಿಯ ಗತ್ತೆಲ್ಲ ಇಳಿದುಹೋಗಿತ್ತು. "ಅತ್ತಿಗೆ..." ಎಂದಳು, ಅಷ್ಟೇ.

ನನಗೆ ಬೇಕಾದದ್ದು ಸಿಕ್ಕಿತ್ತು. ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ಹಿಂದಿನ ದಿನದ್ದಕ್ಕಿಂತ ದೊಡ್ಡ ಸಿಟ್ಟು ಬಂತು.

"ಅದ್ಯಾವ ನ್ಯಾಯ ಸಾರ್?" ಎಂದೆ. "ಕೊನೇ ಪುಟ ನೋಡಿ ಅಂಕ ಕೊಟ್ಟೋರು ನೀವು. ಕೊನೇ ಪುಟ ನೋಡಿ ಉತ್ತರ ಬರೆದೋರು ಇವರು. ಇಬ್ರೂ ಮಾಡಿದ್ದು ಒಂದೇ ಕೆಲಸ. ಸೊನ್ನೆ ಮಾತ್ರ ಇವರಿಗಾ? ಇವರಿಗೆ ಸೊನ್ನೆ ಹಾಕೋದಾದ್ರೆ ನಿಮಗೊಂದು ನಾನು ಹಾಕ್ತೀನಿ, ಪೆನ್ನು ಕೊಡಿ. ಇವಳ ಹಾಳೆ ತೆಗೀರಿ. ಹೊಡೆದುಹಾಕಿದ್ದರ ಕೆಳಗೆ ಏನಿದೆ ನೋಡಿ."

ಅವರು ನಾದಿನಿಯ ಹಾಳೆಯನ್ನು ಬಿಸಿಲಿಗೆ ಹಿಡಿದರು. ಗೀಟುಗಳ ಕೆಳಗೆ ಮೂರು ಇತ್ತು. ಇನ್ನೊಂದು ಹಾಳೆ ತೆಗೆದರು. ಅಲ್ಲೂ ಮೂರು. ಮತ್ತೊಂದರಲ್ಲಿ ಮೂರನ್ನು ಎಷ್ಟು ಭಯದಿಂದ ಹೊಡೆದುಹಾಕಿದ್ದರೆಂದರೆ ಕಾಗದವೇ ಹರಿದಿತ್ತು. ಮೇಷ್ಟ್ರು ತುಂಬಾ ಹೊತ್ತು ಆ ತೂತನ್ನೇ ನೋಡಿದರು.

"ನಾನೂ ಹೊಡೆದುಹಾಕಿದ್ದೆ ಅನ್ಸುತ್ತೆ," ಎಂದರು, ಯಾರಿಗೂ ಅಲ್ಲ. ಆಮೇಲೆ ಪೆನ್ನು ಮುಚ್ಚಿದರು. "ಎಲ್ಲರೂ ಒಳಗೆ ನಡೀರಿ. ಪುಸ್ತಕ ನನ್ನ ಮೇಜಿನ ಮೇಲಿರಲಿ. ಅದೇ ಲೆಕ್ಕ, ಹೊಸ ಹಾಳೆ. ಇದರಲ್ಲಿ ಬಂದಿದ್ದೇ ಅಂಕ."

ಎಲ್ಲರೂ ಬರೆದರು. ನಾದಿನಿ ಹೆಜ್ಜೆಹೆಜ್ಜೆಯಾಗಿ, ಮೈನಸ್ಸನ್ನು ಮೈನಸ್ಸಾಗಿಯೇ ಉಳಿಸಿ, ಮೂರು ಸೆಕೆಂಡ್ ಎಂದು ಬರೆದು ಕೆಳಗೆ ಗೆರೆ ಎಳೆದಳು. ಪೂರ್ತಿ ಅಂಕ. ನಾನು ಅವಳಿಗಿಂತ ಹತ್ತು ಪಟ್ಟು ಬೇಗ ಮುಗಿಸಿ, ಹಾಳೆಯನ್ನು ಮೇಜಿನ ಮೇಲೆ ಬಡಿದು ಬಂದೆ.

ಹಾಳೆ ವಾಪಸು ಬಂತು. ಅರ್ಧ ಅಂಕ ಕತ್ತರಿಸಿದ್ದರು. ಉತ್ತರದ ಪಕ್ಕದಲ್ಲಿ, ಅದೇ ಕೆಂಪು ಶಾಯಿಯಲ್ಲಿ, ಒಂದು ಪುಟ್ಟ ಕುರಿಯ ಚಿತ್ರ.

ಅವಸರದಲ್ಲಿ ನಾನು ಬರೀ ಮೂರು ಎಂದು ಬರೆದಿದ್ದೆ! ಇಂಥ ಅನ್ಯಾಯವನ್ನು ಎಲ್ಲಾದರೂ ಕೇಳಿದ್ದೀರಾ? ವಿಜ್ಞಾನಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದವಳ ಅಂಕ ಕತ್ತರಿಸಿ ಕುರಿ ಬರೆಯುವುದೇ? ಉಳಿದ ಅಂಕ ಅರ್ಧಕ್ಕೆ ಹೇಗೋ ಉಗುರಿನ ತುದಿಯಲ್ಲಿ ಮುಟ್ಟಿತು, ಪರೀಕ್ಷೆಗೆ ನಾವಿಬ್ಬರೂ ಕೂರುತ್ತಿದ್ದೇವೆ, ಅದು ಬೇರೆ ಮಾತು. "ನನಗಿಂತ ಅರ್ಧ ಅಂಕ ಕಮ್ಮಿ ಅಲ್ವಾ ಅತ್ತಿಗೆ?" ಎಂದು ನಾದಿನಿ ದಿನಕ್ಕೆ ಸಾವಿರ ಸಲ ಕೇಳುತ್ತಾಳೆ, ನನ್ನ ಕೃಪೆಯಿಂದ ಪರೀಕ್ಷೆಗೆ ಕೂರುವಂತಾದವಳು!

ಅಂದಹಾಗೆ, ಕಾಲೇಜಿನ ಗ್ರಂಥಾಲಯದಲ್ಲಿರುವ ಆ ಪುಸ್ತಕದ ಪ್ರತಿಯೊಂದು ಪ್ರತಿಯಲ್ಲೂ ಕೊನೆಯ ಪುಟದ ಆ ಒಂದನ್ನು ಯಾರೋ ಹೊಡೆದುಹಾಕಿ, ಪಕ್ಕದಲ್ಲಿ "ಮೂರು ಸೆಕೆಂಡ್" ಎಂದು ಬರೆದಿದ್ದಾರೆ. ಸೆಕೆಂಡ್ ಎಂಬುದರ ಕೆಳಗೆ ಎರಡೆರಡು ಗೆರೆ. ಯಾರು ಬರೆದರು ಎಂದು ಗ್ರಂಥಪಾಲಕರು ಕಂಡಕಂಡವರನ್ನೆಲ್ಲ ವಿಚಾರಿಸುತ್ತಿದ್ದಾರೆ. ನನಗಂತೂ ಗೊತ್ತಿಲ್ಲ. ಅಕ್ಷರ ಮಾತ್ರ ಮುತ್ತಿನಂತಿದೆ.